ಎಡಗೈ ಯಾಕಿಮನ ಕಚ್ಚು

ಹಿತ್ತಲಲ್ಲಿ ಹೆಬ್ಬಾತುಗಳ ಗೂಡಿಗೆ ಹಾಕಿದ್ದ ಬಾಗಿಲು ಹಿಂದೆ ಒಂದು ಸಾರೋಟಿನ ಬಾಗಿಲಾಗಿತ್ತು. ಅರ್ದಲ್ಯೋನ್ ಸವ್ವಿಚ್ ಎಲ್ಮೇಶೆವ್ ಅವರ ತಾತ ನಿಕಾನೊರ್ ಆ ಸಾರೋಟಿನಲ್ಲಿ ಕೂತು ರಿಯಾಜಾನ್ ಪಟ್ಟಣಕ್ಕೆ, ಕುಲೀನರ ಸಭೆಗೆ, ಹೋಗಿಬರುತ್ತಿದ್ದರು. ಕಾಲ ಕಳೆದ ಹಾಗೆ ಗಾಲಿಗಳು ಮುರಿದವು, ಮೈ ಒಲೆಗೆ ಹೋಯಿತು, ಒಳಗಿನ ಚರ್ಮದ ಹೊದಿಕೆಯನ್ನು ಇಲಿಗಳು ತಿಂದವು. ಬಾಗಿಲೊಂದು ಗಟ್ಟಿಮರದ್ದಾದ್ದರಿಂದ ಉಳಿಯಿತು. ಅದರ ಮೇಲಿನ ಬಣ್ಣವೂ ಅಷ್ಟಿಷ್ಟು ಉಳಿದಿತ್ತು. ನೀಲಿ ಗುರಾಣಿ, ನಡುವೆ ಆಕಾಶಕ್ಕೆ ಗುರಿಯಿಟ್ಟ ಬೆಳ್ಳಿಯ ಬಾಣ, ಬಾಣದ ಬುಡದಲ್ಲಿ ಎರಡು ಅರ್ಧಚಂದ್ರ. ಅದು ಎಲ್ಮೇಶೆವ್ ಮನೆತನದ ಲಾಂಛನ. ಸಂಜೆಯಾದರೆ ಹೆಬ್ಬಾತುಗಳು ಕತ್ತು ನೀಡಿಕೊಂಡು ಆ ಬಾಣದ ಪಕ್ಕದಲ್ಲೇ ಒಳಗೆ ಹೋಗುತ್ತಿದ್ದವು.

“ನಡೀರಿ ಧಣಿಗಳೇ, ನಡೀರಿ ನಿಮ್ಮ ಅರಮನೆಗೆ,” ಎಂದು ಅಡುಗೆಯ ಮುದುಕಿ ಉಸ್ತಿನ್ಯ ಅವನ್ನು ಕೋಲಿನಿಂದ ಅಟ್ಟುತ್ತಿದ್ದಳು. “ಮನೆತನಕ್ಕೆ ತಕ್ಕ ಹಾಗೆ ನಡ್ಕೊಳ್ಳಿ. ಕಂಡಕಂಡಲ್ಲಿ ಹೇಲಬೇಡಿ.”

ಮೆಟ್ಟಿಲ ಮೇಲೆ ಕೂತ ಅರ್ದಲ್ಯೋನ್ ಸವ್ವಿಚ್ ಇದನ್ನು ಕೇಳಿಸಿಕೊಂಡು ಪೈಪಿನ ಹಿಂದೆ ನಗುತ್ತಿದ್ದರು. ಆ ಮನೆಯಲ್ಲಿ ಬಾಣವನ್ನೂ ಹೆಬ್ಬಾತನ್ನೂ ಸೇರಿಸಿ ತಮಾಷೆ ಮಾಡುವುದು ಇವತ್ತಿನ ಮಾತಲ್ಲ, ಅವರ ಮುತ್ತಜ್ಜಿಯ ಕಾಲದ್ದು.

ಆ ಸೀಮೆಯ ಕುಲೀನರಲ್ಲಿ ಆ ಸೀಮೆಯಲ್ಲೇ ಹುಟ್ಟಿದವರು ಅನ್ನುವವರು ಒಬ್ಬರೂ ಇರಲಿಲ್ಲ. ಪಕ್ಕದ ಹಳ್ಳಿಯವರ ಮೂಲಪುರುಷ ಜರ್ಮನರ ಕಡೆಯಿಂದ ಬಂದವನು. ಹೊಳೆಯಾಚೆಯವರ ಮೂಲಪುರುಷ ಲಿಥುವೇನಿಯದ ಯಾವುದೋ ಅರಸುಕುವರ. ಎಲ್ಮೇಶೆವರ ಮೂಲಪುರುಷ ಎಲ್ಮೇಶ್ ಮುರ್ಜಾ ತಾರ್ತಾರರ ದಂಡನ್ನು ಬಿಟ್ಟು ನಲವತ್ತು ಸವಾರರೊಡನೆ ರಿಯಾಜಾನಿನ ಅರಸನ ಬಳಿಗೆ ಬಂದನಂತೆ, ಶಿಲುಬೆಗೆ ಮುತ್ತಿಟ್ಟನಂತೆ, ಅರಸ ಮೆಚ್ಚಿ ಪ್ರಾ ಹೊಳೆಯ ದಂಡೆಯ ಪೈನ್ ಕಾಡನ್ನು ಅದರ ಜೇನಿನ ಸಮೇತ ಉಂಬಳಿ ಕೊಟ್ಟನಂತೆ. “ಹಾಗಾದ್ರೆ ನಮ್ಮ ಮಣ್ಣಲ್ಲಿ ಹುಟ್ಟಿದ್ದು ಬರೀ ಅಣಬೆ ಅನ್ನಿ,” ಎಂದು ಅರ್ದಲ್ಯೋನ್ ಸವ್ವಿಚ್ ಅವರ ತೀರಿಹೋದ ಹೆಂಡತಿ ಅತಿಥಿಗಳ ಮುಂದೆಯೇ ಅನ್ನುತ್ತಿದ್ದಳು.

ಕಾಡು ಸಿಕ್ಕಿದ್ದು ಮಾತ್ರ ನಿಜ. ಆ ಕಾಡಿನಲ್ಲಿ ಬದುಕಿರುವ ಪೈನ್ ಮರದ ಮೈಯಲ್ಲೇ, ನೆಲದಿಂದ ಎತ್ತರದಲ್ಲಿ, ಪೊಟರೆ ಕೊರೆದು ಜೇನು ಕೂಡಿಸುವುದು ತಲೆತಲಾಂತರದ ಪದ್ಧತಿ. ಕಾಡಿಗೆ ಬೇಲಿಯಿಲ್ಲವಲ್ಲ, ಮರ ಯಾರದೆಂದು ತಿಳಿಯಲು ಪ್ರತಿ ಮನೆಯವರೂ ಬುಡದಲ್ಲಿ, ಎದೆಮಟ್ಟಕ್ಕೆ, ಕೊಡಲಿಯಿಂದ ತಮ್ಮ ಗುರುತು ಕಡಿಯುತ್ತಿದ್ದರು. ಎಲ್ಮೇಶೆವರ ಗುರುತು ಹೆಬ್ಬಾತಿನ ಪಾದ: ಮೂರು ಬೆರಳು ನೆಲದ ಕಡೆಗೆ, ಕೆಳಗೆ ಕೊಡಲಿಯೇಟಿನ ಎರಡು ಕಚ್ಚು. ಮರ ಬೆಳೆದ ಹಾಗೆ ತೊಗಟೆ ಗುರುತನ್ನು ನುಂಗುತ್ತದೆ. ಹಾಗಾಗಿ ಕೆಲವು ವರ್ಷಕ್ಕೊಮ್ಮೆ, ಆಗಸ್ಟಿನ ಜೇನಿನ ಹಬ್ಬದ ಹೊತ್ತಿಗೆ, ಅದನ್ನು ಮತ್ತೆ ಬಿಡಿಸಬೇಕು. ತೊಗಟೆ ಮುಚ್ಚಿಹೋದ ಮರ ಯಾರದ್ದೂ ಅಲ್ಲ.

ಮುತ್ತಾತನ ಕಾಲದಲ್ಲಿ ಪೀಟರ್ಸ್‌ಬರ್ಗಿನವರು ಕುಲೀನರಿಗೆಲ್ಲ ಲಾಂಛನ ಬರೆದುಕೊಡಲು ಕೂತಾಗ, ನಿಮ್ಮ ಮನೆಯ ಹಳೆಯ ಗುರುತು ಯಾವುದು ಎಂದು ಕೇಳಿದರು. ಮುತ್ತಾತ ಮರದ ಗುರುತನ್ನೇ ಬರೆದು ಕಳಿಸಿದನು. ಅಲ್ಲಿನ ಚಿತ್ರಗಾರ ಜೇನಿನ ಮರವನ್ನು ಎಲ್ಲಿ ಕಂಡಿದ್ದ? ಬೆರಳು ಕೆಳಗೆ ಮಾಡಿದ ಪಾದ ಅವನ ಕಣ್ಣಿಗೆ ಮೇಲಕ್ಕೆ ಹಾರುವ ಬಾಣವಾಗಿ ಕಂಡಿತು. ತಾರ್ತಾರರ ಕಡೆಯವರು ಎಂದಮೇಲೆ ಎರಡು ಕಚ್ಚನ್ನು ಎರಡು ಅರ್ಧಚಂದ್ರ ಮಾಡಿದನು. ಚಿನ್ನದ ಅಂಚಿನ ಆ ಹಾಳೆ ಮನೆಗೆ ಬಂದು ಊಟದ ಕೋಣೆಯ ಗೋಡೆಗೆ ಏರಿದ ದಿನ ಮುತ್ತಜ್ಜಿ ಕನ್ನಡಕ ಏರಿಸಿ ನೋಡಿ, “ಅಯ್ಯೋ ನನ್ನಪ್ಪ, ನಮ್ಮ ಹೆಬ್ಬಾತು ಹಾರಿಹೋಯ್ತಲ್ಲೋ!” ಎಂದಿದ್ದಳಂತೆ. ಅಂದಿನಿಂದ ಅತಿಥಿಗಳಿಗೆ ಬಾಣ, ಕಾಡಿಗೆ ಪಾದ, ಹೀಗೆ ಎರಡೂ ನಡೆದುಕೊಂಡು ಬಂದಿತ್ತು. ಅರ್ಧಚಂದ್ರಗಳ ಬಗ್ಗೆ ಯಾರಾದರೂ ಕೇಳಿದರೆ ಅರ್ದಲ್ಯೋನ್ ಸವ್ವಿಚ್, “ನಮ್ಮವರು ಗೆದ್ದ ಎರಡು ಯುದ್ಧ,” ಎನ್ನುತ್ತಿದ್ದರು. ಅವರ ತಂದೆ ಹಾಗೆ ಹೇಳುತ್ತಿದ್ದರು, ಇವರೂ ಹೇಳಿದರು. ಹೇಳಿ ಹೇಳಿ ಅದು ನಿಜವೇ ಆಗಿಹೋಗಿತ್ತು.

ಈಗ ಆ ಕಾಡು ಅವರದ್ದಲ್ಲ. ಒಬ್ಬನೇ ಮಗ ಗ್ಲೇಬ್ ತುರ್ಕರ ಯುದ್ಧಕ್ಕೆ ಹೋಗಿ ಬಾಲ್ಕನ್ ಬೆಟ್ಟದ ಹಿಮದಲ್ಲಿ ಉಳಿದುಬಿಟ್ಟ ಮೇಲೆ ಅವರಿಗೆ ಕಾಡಿನ ಮೇಲಿದ್ದ ಮನಸ್ಸು ಹೊರಟುಹೋಯಿತು. ಮರದ ಸಾಹುಕಾರನೊಬ್ಬನಿಗೆ ಮಾರಿದರು. ಮಾರಾಟದ ಪತ್ರದಲ್ಲಿ ಒಂದೇ ಷರತ್ತು: ಹೆಬ್ಬಾತಿನ ಪಾದ, ಎರಡು ಕಚ್ಚು, ಈ ಗುರುತಿರುವ ಜೇನಿನ ಮರ ಎಲ್ಮೇಶೆವರದ್ದು, ಅದಕ್ಕೆ ಗರಗಸ ಹಾಕಬಾರದು. ಅಂಥ ಮರಗಳಲ್ಲಿ ಕೆಲವು ಗಾಳಿಗೆ ಬಿದ್ದವು, ಕೆಲವಕ್ಕೆ ಸಿಡಿಲು ಹೊಡೆಯಿತು. ಜೇನಿನ ಸಮೇತ ಉಳಿದದ್ದು ಜವುಗಿನ ಅಂಚಿನ ಒಂದೇ ಒಂದು ಮುದಿ ಪೈನ್. ಊರವರು ಅದನ್ನು ಅಜ್ಜಿಮರ ಎನ್ನುತ್ತಿದ್ದರು. ಗ್ಲೇಬ್ ಯುದ್ಧಕ್ಕೆ ಹೊರಡುವ ಹಿಂದಿನ ಬೇಸಿಗೆ ತಂದೆ ಮಗ ಇಬ್ಬರೂ ಹೋಗಿ ಅದರ ಗುರುತು ಬಿಡಿಸಿದ್ದೇ ಕೊನೆ. ಆಮೇಲೆ ಅರ್ದಲ್ಯೋನ್ ಸವ್ವಿಚ್ ಅದನ್ನು ಮುಟ್ಟಲಿಲ್ಲ. ಮುಟ್ಟುವುದಾದರೂ ಹೇಗೆ? ಗುರುತು ಬಿಡಿಸುವಾಗ ಒಂದೇ ಕೊಡಲಿಯ ಮೇಲೆ ಎರಡು ಜನರ ಕೈ ಇರಬೇಕು. ಮರವನ್ನು ಮುಂದಿನ ತಲೆಮಾರಿಗೆ ಕೊಡುವವನದ್ದು ಒಂದು, ತೆಗೆದುಕೊಳ್ಳುವವನದ್ದು ಒಂದು. ಒಬ್ಬನೇ ಹೋಗಿ ಕಡಿಯುವ ಪದ್ಧತಿಯೇ ಇರಲಿಲ್ಲ.

ಜುಲೈ ತಿಂಗಳ ಇಲ್ಯಾ ಸಂತನ ಹಬ್ಬ ಕಳೆದು ರೈ ಕೊಯ್ಲು ನಡೆಯುತ್ತಿದ್ದಾಗ ಸಾಹುಕಾರನ ಗುಮಾಸ್ತ ಪರ್ಫ್ಯೋನ್ ಬಂದನು. ಕೆಂಪು ಗಡ್ಡದ ನಿಧಾನದ ಮನುಷ್ಯ. ಟೋಪಿ ಕೈಯಲ್ಲಿ ಹಿಡಿದು ಮೆಟ್ಟಿಲ ಕೆಳಗೇ ನಿಂತನು.

“ಮೇಲೆ ಬಾರಯ್ಯ, ಚಹಾ ಕುಡಿ,” ಎಂದರು ಅರ್ದಲ್ಯೋನ್ ಸವ್ವಿಚ್.

“ಬೂಟು ಕೆಸರಾಗಿದೆ ಧಣಿ. ಇಲ್ಲಿಂದ್ಲೇ ಹೇಳಿ ಹೋಗ್ತೀನಿ.” ಅವನು ಟೋಪಿಯನ್ನು ಒಮ್ಮೆ ತಿರುಗಿಸಿದನು. “ಈ ಚಳಿಗಾಲಕ್ಕೆ ನಮ್ಮ ಆಳುಗಳು ಜವುಗಿನ ಕಡೆ ಬರ್ತಾರೆ. ಅಜ್ಜಿಮರ ನೋಡ್ಕೊಂಡು ಬಂದೆ. ಗುರುತು ಕಾಣಲ್ಲ ಧಣಿ. ತೊಗಟೆ ಮುಚ್ಕೊಂಡುಬಿಟ್ಟಿದೆ.”

“ಅದು ನಮ್ಮ ಮರ ಅಂತ ನಿನಗೆ ಗೊತ್ತಿಲ್ವಾ?”

“ಗೊತ್ತು. ನಮ್ಮಪ್ಪಂಗೂ ಗೊತ್ತಿತ್ತು. ಆದ್ರೆ ಸಾಹುಕಾರ್ರಿಗೆ ಗೊತ್ತಿಲ್ವಲ್ಲ. ಹೊಳೆಯಾಚೆ ಧಣಿಗಳು ಕಾಡು ಮಾರಿ ಆದ್ಮೇಲೆ ರಾತ್ರೋರಾತ್ರಿ ಒಳ್ಳೊಳ್ಳೆ ಮರಕ್ಕೆಲ್ಲ ತಮ್ಮ ಗುರುತು ಹೊಡ್ದು, ಇದೂ ನಂದು ಅದೂ ನಂದು ಅಂದ್ರು. ಅವತ್ತಿಂದ ಸಾಹುಕಾರ್ರು ನನ್ ಕಿವಿ ಹಿಂಡಿ ಹೇಳಿದಾರೆ, ಪತ್ರದಲ್ಲಿ ಹೇಗಿದೆಯೋ ಹಾಗೇ ಇದ್ರೆ ಬಿಡು, ಒಂದು ಗೀರು ಹೆಚ್ಚುಕಮ್ಮಿ ಆದ್ರೂ ಕೆಡವು ಅಂತ. ಜೇನಿನ ಹಬ್ಬದೊಳಗೆ ಗುರುತು ಬಿಡಿಸಿಬಿಡಿ. ನಾನು ಬಂದು ನೋಡಿ ಬರ್ಕೊಂಡು ಹೋಗ್ತೀನಿ. ಅಜ್ಜಿ ಮೇಲೆ ಗರಗಸ ಇಡೋಕೆ ನನಗೇನು ಆಸೆಯಾ?”

ಅವನು ಹೋದ ಮೇಲೆ ಅರ್ದಲ್ಯೋನ್ ಸವ್ವಿಚ್ ಚಹಾ ಆರುವವರೆಗೆ ಕೂತಿದ್ದರು. ಇನ್ನೊಂದು ಕೈ ಯಾರದ್ದು ಎಂಬ ಯೋಚನೆಯಲ್ಲಿ ಅವರಿಗೆ ಹೊಸ ಆಸೆಯೊಂದು ಹುಟ್ಟಿತು. ಹುಟ್ಟಿತು ಎನ್ನುವುದಕ್ಕಿಂತ, ಒಳಗೆ ಇದ್ದದ್ದು ಎದ್ದು ಕೂತಿತು.

ಮಗಳು ಕ್ಲಾವ್ದಿಯಾ ಗಂಡನ ಜೊತೆ ಇದೇ ಮನೆಯಲ್ಲಿದ್ದಳು. ಅವರಿಗೊಬ್ಬಳು ಪುಟ್ಟ ಮಗಳು, ಮರ್ಫಿಂಕಾ. ಅಳಿಯ ಜೊಸಿಮ್ ಪೆತ್ರೋವಿಚ್ ಜಿಲ್ಲೆಯ ದನದ ಡಾಕ್ಟರು. ಎತ್ತರದ, ಸದಾ ಔಷಧದ ವಾಸನೆಯ, ಮಾತಿಗೆ ಮುಂಚೆ ಕೆಮ್ಮುವ ಮನುಷ್ಯ. ಹಳ್ಳಿಯ ಪಾದ್ರಿಯ ಮಗ. ಅವನ ಹೆಸರು, ಜೇನುಗಳನ್ನು ಕಾಯುವ ಸಂತನ ಹೆಸರು. ಆದರೆ ಅವನಿಗೆ ಜೇನು ಕಚ್ಚಿದರೆ ಮುಖ ಕುಂಬಳಕಾಯಿಯಾಗುತ್ತಿತ್ತು. ಮನೆತನದ ಹೆಸರು ರೋಜೊವ್, ಗುಲಾಬಿಯವನು ಎಂದರ್ಥ. ಅರ್ದಲ್ಯೋನ್ ಸವ್ವಿಚ್ ಅದನ್ನು ಹೂತೋಟದ ಹೆಸರು ಎಂದು ಹಂಗಿಸುತ್ತಿದ್ದರು.

ರಾತ್ರಿ ಊಟಕ್ಕೆ ಎಲೆಕೋಸಿನ ಸಾರು, ಕಪ್ಪು ರೊಟ್ಟಿ. ಗೋಡೆಯ ಮೇಲೆ ಚಿನ್ನದ ಅಂಚಿನ ಹಾಳೆ. ಅರ್ದಲ್ಯೋನ್ ಸವ್ವಿಚ್ ಬಾಣದ ಗುರುತಿನ ಬೆಳ್ಳಿ ಚಮಚವನ್ನು ಒರೆಸಿ ಕೆಳಗಿಟ್ಟರು.

“ಜೊಸಿಮ್ ಪೆತ್ರೋವಿಚ್, ನನ್ನ ನಂತರ ಈ ಹೆಸರು ಇಲ್ಲ. ಲಾಂಛನಾನೂ ಇಲ್ಲ. ಆದ್ರೆ ಗಂಡು ದಿಕ್ಕಿಲ್ಲದ ಮನೆತನದ ಹೆಸರನ್ನ ಅಳಿಯನಿಗೆ ದಾಟಿಸೋಕೆ ಪೀಟರ್ಸ್‌ಬರ್ಗಿಗೆ ಅರ್ಜಿ ಹಾಕ್ಕೋಬಹುದು. ಎಷ್ಟೋ ಜನ ಹಾಕ್ಕೊಂಡಿದಾರೆ. ನೀನು ಎಲ್ಮೇಶೆವ್ ಆಗು. ಇಬ್ಬರೂ ಹೋಗಿ ಅಜ್ಜಿಮರದ ಗುರುತು ಬಿಡಿಸೋಣ.”

ಜೊಸಿಮ್ ಕೆಮ್ಮಿದನು. “ಗುರುತು ನಾಳೆ ಬೇಕಾದ್ರೂ ಬಿಡಿಸೋಣ, ಅರ್ದಲ್ಯೋನ್ ಸವ್ವಿಚ್. ಹೆಸರು ಮಾತ್ರ ಬೇಡ.”

“ಬೇಡ ಅಂದ್ರೆ?”

“ನನಗೆ ಒಂದಿದೆಯಲ್ಲ.”

“ಹೂಕುಂಡದ ಮೇಲೆ ಬರೆಯೋ ಹೆಸರು ಅದು!”

“ಅಪ್ಪಾ,” ಎಂದಳು ಕ್ಲಾವ್ದಿಯಾ.

“ಇರ್ಲಿ ಕ್ಲಾವಾ,” ಎಂದನು ಜೊಸಿಮ್. ಅವನಿಗೆ ಸಿಟ್ಟು ಬಂದದ್ದು ಯಾರೂ ಕಂಡಿರಲಿಲ್ಲ. ಈಗಲೂ ಬಂದಂತಿರಲಿಲ್ಲ, ರೊಟ್ಟಿಯನ್ನು ಮಾತ್ರ ಸಣ್ಣಸಣ್ಣದಾಗಿ ಮುರಿಯುತ್ತಿದ್ದನು. “ನಮ್ಮಜ್ಜ ಚಿಕ್ಕವರಿದ್ದಾಗ್ಲೇ ಅವರಪ್ಪ ತೀರಿಹೋಗಿದ್ರು. ಚರ್ಚಲ್ಲಿ ಘಂಟೆ ಹೊಡೀತಿದ್ದೋರ ಮಗ. ಓದೋಕೆ ಅಂತ ಹಿಮದಲ್ಲಿ ಬರಿಗಾಲಲ್ಲಿ ನಡ್ಕೊಂಡು ಪಾದ್ರಿ ಶಾಲೆಗೆ ಹೋದ್ರು. ನಿನ್ನ ಮನೆತನದ ಹೆಸರೇನೋ ಅಂದ್ರಂತೆ ಗುರುಗಳು. ಇಲ್ಲ ಅಂದ್ರಂತೆ. ಚಳಿಗೆ ಕೆನ್ನೆ ಎರಡೂ ಕೆಂಪಾಗಿತ್ತು. ಗುರುಗಳು ನೋಡಿ, ಬರ್ಕೋ, ರೋಜೊವ್, ಅಂದ್ರಂತೆ. ನಮ್ಮ ಮೂಲ ಅಷ್ಟೇ. ಬಾಣ ಇಲ್ಲ, ಸವಾರರಿಲ್ಲ, ಚಳಿಗೆ ಕೆಂಪಾದ ಕೆನ್ನೆ. ಅಜ್ಜ, ಅಪ್ಪ ಇಬ್ಬರ ಗೋರಿಯ ಶಿಲುಬೆ ಮೇಲೂ ಅದೇ ಇದೆ. ನಾನು ಬಿಟ್ರೆ ಅವರಿಗೆ ಯಾರು?”

ಸಾರಿನ ಬಟ್ಟಲಿಂದ ಹಬೆ ಏಳುತ್ತಿತ್ತು. ಅರ್ದಲ್ಯೋನ್ ಸವ್ವಿಚ್ ಬಟ್ಟಲನ್ನು ದೂರ ಸರಿಸಿದರು. ಅಳಿಯನ ಮಾತು ಅವರಿಗೆ ನಾಟಿತ್ತು. ನಾಟಿದ್ದಕ್ಕೇ ಇನ್ನಷ್ಟು ಮೊಂಡು ಬಂದಿತು.

“ಹಾಗಾದ್ರೆ ಮರ ಬೀಳ್ಲಿ,” ಎಂದು ಎದ್ದು ಹೋದರು.

ಅಡುಗೆಮನೆಯಿಂದ ಉಸ್ತಿನ್ಯಳ ಗೊಣಗಾಟ ಕೇಳಿಸಿತು. “ಒಬ್ಬರಿಗೆ ಬಾಣ ದೊಡ್ದು, ಇನ್ನೊಬ್ಬರಿಗೆ ಕೆನ್ನೆ ದೊಡ್ದು. ಸಾರು ಆರಿಹೋಗ್ತಿರೋದು ಯಾರಿಗೂ ಬೇಡ.”

ಕೆಲವು ದಿನ ಮಾವ ಅಳಿಯ ಹವೆಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಜೇನಿನ ಹಬ್ಬ ಹತ್ತಿರವಾಯಿತು. ಒಂದು ಬೆಳಿಗ್ಗೆ ಅರ್ದಲ್ಯೋನ್ ಸವ್ವಿಚ್ ಊರುಗೋಲು ಹಿಡಿದು, ಸೊಂಟಕ್ಕೆ ಚಾಕು ಸಿಕ್ಕಿಸಿಕೊಂಡು ಒಬ್ಬರೇ ಕಾಡಿನ ಕಡೆ ಹೊರಟರು. ಮರವನ್ನು ಕೊನೆಯದಾಗಿ ನೋಡಿಬರುವುದು ಎಂದು ತಮಗೆ ತಾವೇ ಹೇಳಿಕೊಂಡರು.

ದಾರಿಯ ಮರಳು ಕಾಲಿಗೆ ಮೆತ್ತಗಿತ್ತು. ಎರಡೂ ಕಡೆ ಸಾಹುಕಾರನ ಆಳುಗಳು ಕಡಿದ ಬುಡಗಳು, ಅವುಗಳ ನಡುವೆ ಗುಲಾಬಿ ಬಣ್ಣಕ್ಕೆ ತಿರುಗಿದ ಎತ್ತರದ ಕಾಡುಹುಲ್ಲು. ಹಿಂದೆ ಇದೇ ಜಾಗದಲ್ಲಿ ನಡು ಹಗಲಲ್ಲೂ ನೆರಳು ಎಷ್ಟು ದಟ್ಟವಾಗಿತ್ತೆಂದರೆ, ತಾತನ ಬಿಳಿ ಅಂಗಿಯನ್ನು ಕಣ್ಣಲ್ಲಿ ಹಿಡಿದುಕೊಂಡು ಹಿಂದೆ ನಡೆಯಬೇಕಾಗುತ್ತಿತ್ತು. ತಾತನ ಹೆಗಲ ಮೇಲೆ ಹಗ್ಗದ ಸುರುಳಿ, ಹೊಗೆಯ ಬೋಗುಣಿ. ತಾತ ಮರ ಹತ್ತಿದರೆಂದರೆ ಧಣಿಯಲ್ಲ, ಬರಿಗಾಲಿನ ಕಾಡಿನವರು. ಮೇಲಿನಿಂದ ಮೇಣದ ತುಂಡೊಂದು ಹುಲ್ಲಿಗೆ ಬೀಳುತ್ತಿತ್ತು. ಅದನ್ನು ಅಗಿದರೆ ಕಹಿ ಹೊಗೆ, ಲಿಂಡೆನ್ ಹೂವು, ಬಿಸಿಲು, ಎಲ್ಲವೂ ಒಟ್ಟಿಗೆ ಬಾಯಿಗೆ ಬರುತ್ತಿತ್ತು. ಅಂಥ ಜೇನನ್ನು ಆಮೇಲೆ ಯಾವ ಪೆಟ್ಟಿಗೆಯ ಗೂಡಿನಲ್ಲೂ ಅವರು ಕಂಡಿರಲಿಲ್ಲ.

ಅಜ್ಜಿಮರ ಇದ್ದಲ್ಲೇ ಇತ್ತು. ಮೇಲೆ ಪೊಟರೆಯ ಬಾಯಲ್ಲಿ ಜೇನುಗಳು ಹೋಗಿಬರುತ್ತಿದ್ದವು. ಎದೆಮಟ್ಟದಲ್ಲಿ ತೊಗಟೆ ಹಳೆಯ ಗಾಯದಂತೆ ತುಟಿ ಕೂಡಿಸಿಕೊಂಡಿತ್ತು. ಅರ್ದಲ್ಯೋನ್ ಸವ್ವಿಚ್ ಊರುಗೋಲನ್ನು ಮರಕ್ಕೆ ಒರಗಿಸಿ, ಚಾಕುವಿನಿಂದ ನಿಧಾನಕ್ಕೆ ತೊಗಟೆ ಬಿಡಿಸಿದರು. ಪಾದದ ಒಂದು ಬೆರಳು ಕಂಡಿತು, ಎರಡನೆಯದು, ಮೂರನೆಯದು. ಕೆಳಗೆ ಮೊದಲನೆಯ ಕಚ್ಚು, ನೆಟ್ಟಗೆ. ಎರಡನೆಯ ಕಚ್ಚಿನ ಮೇಲೆ ಬೆರಳಾಡಿಸಿದಾಗ ಅದು ವಾಲಿತ್ತು. ಬೆರಳು ಅಲ್ಲೇ ನಿಂತಿತು.

ತಾತ ತಮ್ಮನ್ನು ಮೊದಲ ಸಲ ಇಲ್ಲಿಗೆ ಕರೆತಂದು ಕೊಡಲಿಯ ಮೇಲೆ ತಮ್ಮ ಪುಟ್ಟ ಕೈ ಇರಿಸಿದ್ದ ದಿನ ನೆನಪಾಯಿತು. ಪಾದವನ್ನು ಬಿಡಿಸಿ ಆದಮೇಲೆ ಆ ವಾಲಿದ ಕಚ್ಚು ಕಣ್ಣಿಗೆ ಚೆನ್ನಾಗಿ ಕಾಣಲಿಲ್ಲವೆಂದು ಅವರು ಕೊಡಲಿಯನ್ನು ನೆಟ್ಟಗೆ ಮಾಡಲು ಹೋಗಿದ್ದರು. ತಾತ ಕೈಮೇಲೆ ಪಟ್ಟನೆ ಹೊಡೆದಿದ್ದರು.

“ಏಯ್! ಅದು ಯಾಕಿಮ್. ಅವನನ್ನ ನೆಟ್ಟಗೆ ಮಾಡಬೇಡ.”

“ಯಾಕಿಮ್ ಯಾರು ತಾತ?”

“ಅಳಿಯ. ಎಡಗೈಯವನು. ಅವನು ಹೊಡೆದ ಏಟು ಹಾಗೇ ವಾಲಿತ್ತು, ನಾವೂ ಹಾಗೇ ಬಿಡಿಸ್ತೀವಿ. ಈ ನೆಟ್ಟಗಿರೋದು ಅವನಿಗಿಂತ ಮುಂಚಿನ ಅಳಿಯ, ಅವನ ಹೆಸರು ಮರ್ತುಹೋಗಿದೆ. ಗಂಡುಮಕ್ಕಳಿಲ್ಲದಾಗ ಕಾಡು ಹೆಣ್ಣುಮಕ್ಕಳ ಜೊತೆ ಹೋಯ್ತು. ಬಂದೋನು ಪಾದಾನ ಅಳಿಸಲಿಲ್ಲ, ಕೆಳಗೆ ತನ್ನದೊಂದು ಕಚ್ಚು ಹಾಕ್ದ. ಇಲ್ಲದಿದ್ರೆ ನೀನೆಲ್ಲಿ ಹುಟ್ತಿದ್ದೆ, ನಾನೆಲ್ಲಿ ಹುಟ್ತಿದ್ದೆ?”

ಆಮೇಲೆ ತಾತ ಅವರ ಅಂಗೈಯನ್ನು ಹಸಿ ಕಚ್ಚಿಗೆ ಒತ್ತಿ ಹಿಡಿದಿದ್ದರು. ರಾಳ ಎಷ್ಟು ಅಂಟಿತ್ತೆಂದರೆ ದಿನಗಟ್ಟಲೆ ಚಮಚ ಕೈಯಿಂದ ಬಿಡುತ್ತಿರಲಿಲ್ಲ. ತೊಳೆಯಲು ಬಂದ ದಾದಿಯನ್ನು ಅವರು ಕಚ್ಚಿದ್ದರು.

ಗೆದ್ದ ಎರಡು ಯುದ್ಧ! ಅರ್ದಲ್ಯೋನ್ ಸವ್ವಿಚ್ ಮರಕ್ಕೆ ಹಣೆಯಿಟ್ಟು ನಕ್ಕರು. ಎಷ್ಟು ಜನ ಅತಿಥಿಗಳ ಮುಂದೆ, ಎಷ್ಟು ವರ್ಷ, ಎಡಗೈ ಯಾಕಿಮನನ್ನು ಯುದ್ಧ ಮಾಡಿಬಿಟ್ಟಿದ್ದರು. ಗ್ಲೇಬ್‌ಗೂ ಈ ಮಾತು ಹೇಳಿರಲಿಲ್ಲ. ವಾಲಿಸಿಯೇ ಬಿಡಿಸು, ಅದು ಪದ್ಧತಿ, ಎಂದಷ್ಟೇ ಹೇಳಿದ್ದರು. ಹೇಳಿದ್ದರೆ ಅವನು ಎಷ್ಟು ನಗುತ್ತಿದ್ದನು. ಮರ ಬಿಸಿಲಿಗೆ ಬೆಚ್ಚಗಿತ್ತು, ಒಳಗಿನ ಜೇನಿನ ಗುಂಯ್‌ಗುಡುವಿಕೆ ಹಣೆಗೆ ತಾಗುತ್ತಿತ್ತು.

ಮನೆಗೆ ಬಂದವರು ನೇರ ಹಟ್ಟಿಗೆ ಹೋದರು. ಜೊಸಿಮ್ ಒಂದು ಕರುವಿನ ಬಾಯಿಗೆ ಔಷಧ ಹಾಕುತ್ತಿದ್ದನು.

“ಕೈ ತೊಳ್ಕೋ. ಕೊಡಲಿ ತಗೊಂಡು ಬಾ,” ಎಂದರು.

“ಅರ್ದಲ್ಯೋನ್ ಸವ್ವಿಚ್, ಹೆಸರಿನ ವಿಷಯ—”

“ನಿನ್ನ ಹೆಸರು ನೀನೇ ಇಟ್ಕೊಳ್ಳಪ್ಪ, ಯಾರಿಗೆ ಬೇಕು! ಕಚ್ಚು ಕೊಡು ಸಾಕು.”

ದಾರಿಯುದ್ದಕ್ಕೂ ಅವರು ಯಾಕಿಮನ ಕಥೆ ಹೇಳಿದರು. ಜೊಸಿಮ್ ಕೇಳುತ್ತ, ಕೆಮ್ಮುತ್ತ, ಜೇನಿಗೆ ಹೆದರಿ ಹೆಂಡತಿಯ ಶಾಲನ್ನು ತಲೆಗೆ ಸುತ್ತಿಕೊಂಡು ನಡೆದನು. ಕ್ಲಾವ್ದಿಯಾ ಮರ್ಫಿಂಕಾಳ ಕೈಹಿಡಿದು ಹಿಂದೆ ಬಂದಳು. ಮರದ ಮುಂದೆ ಇಬ್ಬರ ಕೈಯೂ ಕೊಡಲಿಯ ಮೇಲೆ ಕೂತವು. ಪಾದ ಬಿಡಿಸಿದರು. ನೆಟ್ಟಗಿನ ಕಚ್ಚು ಬಿಡಿಸಿದರು. ವಾಲಿದ ಕಚ್ಚನ್ನು ವಾಲಿಸಿಯೇ ಬಿಡಿಸಿದರು. ಅದರ ಕೆಳಗೆ ಎಂದೂ ಏಟು ಬೀಳದ ಹಸಿಮರದಲ್ಲಿ ಮೂರನೆಯ ಕಚ್ಚು. ಅಷ್ಟರಲ್ಲಿ ಜೇನೊಂದು ಶಾಲಿನೊಳಗೆ ನುಗ್ಗಿತು. ಜೊಸಿಮ್ “ಅಯ್ಯೋ!” ಎಂದು ಬೆಚ್ಚಿದ್ದಕ್ಕೆ ಕಚ್ಚು ಆಳವಾಗಿ, ತುದಿಯಲ್ಲಿ ಸ್ವಲ್ಪ ಕೊಂಕಾಗಿ ಬಿದ್ದಿತು.

“ಇರ್ಲಿ, ಇರ್ಲಿ,” ಎಂದರು ಅರ್ದಲ್ಯೋನ್ ಸವ್ವಿಚ್, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ. “ಇನ್ನು ಮುಂದೆ ಬಿಡಿಸೋರೆಲ್ಲ ಹೀಗೇ ಬಿಡಿಸ್ಬೇಕು. ಇದು ಜೊಸಿಮ್, ಕೊಂಕು ಯಾಕೆ ಅಂದ್ರೆ ಮೂಗಿಗೆ ಜೇನು ಕಚ್ತು ಅಂತ ಹೇಳ್ಬೇಕು.”

ಪರ್ಫ್ಯೋನ್ ಹಬ್ಬದ ದಿನವೇ ಬಂದನು. ಎಲ್ಲರೂ ಅವನ ಜೊತೆ ಮರದ ತನಕ ಹೋದರು. ಜೊಸಿಮ್‌ನ ಮೂಗು ಇನ್ನೂ ಇಳಿದಿರಲಿಲ್ಲ. ಪರ್ಫ್ಯೋನ್ ಗುರುತಿನ ಮುಂದೆ ಬಗ್ಗಿ ನೋಡಿದನು, ಟೋಪಿ ತೆಗೆದನು, ಮತ್ತೆ ನೋಡಿದನು.

“ಧಣಿ, ಮೂರಿದೆ.”

“ಮೂರಿದೆ.”

“ಪತ್ರದಲ್ಲಿ ಎರಡು.”

ಆ ಮಾತು ಕೇಳುವವರೆಗೂ ಅರ್ದಲ್ಯೋನ್ ಸವ್ವಿಚ್‌ಗೆ ಅದು ಹೊಳೆದಿರಲಿಲ್ಲ. ಆ ಸಂತೋಷದಲ್ಲಿ ಪತ್ರ ಎನ್ನುವುದೊಂದು ಇದೆ ಎಂಬುದೇ ಮರೆತುಹೋಗಿತ್ತು. ಒಂದು ಗೀರು ಹೆಚ್ಚುಕಮ್ಮಿ ಆದರೂ ಕೆಡವು. ಅವರು ಮೇಲೆ ನೋಡಿದರು. ಮರದ ತುದಿ ಗಾಳಿಗೆ ನಿಧಾನಕ್ಕೆ ತೂಗುತ್ತಿತ್ತು.

ಪರ್ಫ್ಯೋನ್ ಗಡ್ಡ ನೀವಿಕೊಂಡನು. “ನೋಡಿ ಧಣಿ. ವಯಸ್ಸಾಗಿದೆ, ಕೈ ನಡುಗುತ್ತೆ. ಕೊಡಲಿ ಜಾರಿತು ಅನ್ನಿ. ಎರಡು ಕಚ್ಚು, ಒಂದು ಜಾರಿದ ಏಟು ಅಂತ ಬರ್ಕೊಂಡು ಹೋಗ್ತೀನಿ. ಸಾಹುಕಾರ್ರು ಕೇಳಿದ್ರೆ ಶಿಲುಬೆ ಮುಟ್ಟಿ ಹೇಳ್ಬೇಕು ನಾನು, ಅದಕ್ಕೆ ನಿಮ್ಮ ಬಾಯಲ್ಲಿ ಬರ್ಬೇಕು, ಅಷ್ಟೇ. ಒಂದು ಮಾತು.”

“ಹೇಳಿಬಿಡಿ,” ಎಂದನು ಜೊಸಿಮ್ ಕೂಡಲೇ. “ನನಗೇನೂ ಬೇಜಾರಿಲ್ಲ, ದೇವರಾಣೆ. ಜಾರಿತು ಅನ್ನಿ. ಒಂಥರಾ ಜಾರಿದ್ದು ನಿಜಾನೇ ಅಲ್ವಾ, ಜೇನು ಕಚ್ಚಿದಾಗ.”

ಅರ್ದಲ್ಯೋನ್ ಸವ್ವಿಚ್ ಮರದ ಮೈಗೆ ಅಂಗೈ ಇಟ್ಟರು. ತಾತ, ತಂದೆ, ಗ್ಲೇಬ್, ಎಲ್ಲರ ಬೆನ್ನು ತಾಗಿದ್ದ ಮರ. ಒಂದು ಮಾತು ಹೇಳಿದರೆ ಅದು ಇನ್ನೂ ಎಷ್ಟೋ ಕಾಲ ನಿಲ್ಲುತ್ತದೆ. ಅತಿಥಿಗಳಿಗೆ ಅರ್ಧಚಂದ್ರದ ಸುಳ್ಳನ್ನು ಅವರು ಎಷ್ಟು ಸಲೀಸಾಗಿ ಹೇಳಿರಲಿಲ್ಲ! ಮರ್ಫಿಂಕಾ ಮೂರನೆಯ ಕಚ್ಚಿನ ರಾಳವನ್ನು ಬೆರಳಿನಿಂದ ಮುಟ್ಟಿ ಮೂಸಿ ನೋಡುತ್ತಿದ್ದಳು.

“ಇಲ್ಲ ಪರ್ಫ್ಯೋನ್,” ಎಂದರು ಕೊನೆಗೆ. “ಕೊಡಲಿ ಜಾರಲಿಲ್ಲ. ಅದು ನನ್ನ ಅಳಿಯ.”

ಪರ್ಫ್ಯೋನ್ ಅವರನ್ನೂ ಜೊಸಿಮ್‌ನನ್ನೂ ನೋಡಿದನು. ಬರೆದುಕೊಳ್ಳಲು ತೆಗೆದಿದ್ದ ಸೀಸದ ಕಡ್ಡಿಯನ್ನು ಕಿವಿಯ ಹಿಂದೆ ಸಿಕ್ಕಿಸಿದನು. “ಹಾಗಾದ್ರೆ ನನ್ನ ಕೈಲಿಲ್ಲ ಧಣಿ.” ಸ್ವಲ್ಪ ದೂರ ಹೋದವನು ತಿರುಗಿ ನಿಂತು, “ಜೇನು ಮಲಗಿದ ಮೇಲೆ, ಗಟ್ಟಿ ಹಿಮ ಬಿದ್ದ ಮೇಲೆ ಕೆಡವಿಸ್ತೀನಿ. ಪೊಟರೆಯ ತುಂಡು, ಗುರುತಿನ ತುಂಡು ಎರಡೂ ನಿಮಗೆ. ಸಾಹುಕಾರ್ರಿಗೆ ಬೇಕಾಗಿರೋದು ನಡುವಿನ ನೆಟ್ಟ ಮರ ತಾನೇ,” ಎಂದನು.

ಮನೆಗೆ ಬರುವ ದಾರಿಯಲ್ಲಿ ಜೊಸಿಮ್ ಮಾವನ ತೋಳು ಹಿಡಿದುಕೊಂಡನು. ಮರಳಿನಲ್ಲಿ ಕಾಲು ಹುಗಿಯುತ್ತದೆ ಎಂಬ ನೆಪ. ಅಲ್ಲಿಯವರೆಗೆ ಯಾವತ್ತೂ ಅವನು ಹಾಗೆ ಹಿಡಿದಿರಲಿಲ್ಲ.

ಮರ ಬಿದ್ದ ದಿನ ಅರ್ದಲ್ಯೋನ್ ಸವ್ವಿಚ್ ಮನೆಯಲ್ಲೇ ಇದ್ದರು. ದೂರದಿಂದ ಸದ್ದು ಕೇಳಿಸಿತೋ ಇಲ್ಲವೋ, ಒಮ್ಮೆ ಚಮಚ ಕೆಳಗಿಟ್ಟು ಕಿಟಕಿಯ ಕಡೆ ನೋಡಿದರು. ಉಸ್ತಿನ್ಯ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಮಾರನೆಯ ದಿನ ಪರ್ಫ್ಯೋನ್ ತಾನೇ ಜಾರುಬಂಡಿ ನಡೆಸಿಕೊಂಡು ಬಂದನು. ಪೊಟರೆಯ ಬಾಯಿಗೆ ಹುಲ್ಲು ತುರುಕಿ, ತುಂಡನ್ನು ಕುರಿಯ ತುಪ್ಪಳದಲ್ಲಿ ಸುತ್ತಿ, ನಿದ್ದೆಯ ಮಗುವನ್ನು ತಂದ ಹಾಗೆ ತಂದಿದ್ದನು. ಜೊಸಿಮ್ ಅದಕ್ಕೆ ಕಿವಿಯಿಟ್ಟು, ರಾಸುಗಳ ಹೊಟ್ಟೆಗೆ ಕಿವಿಯಿಟ್ಟು ಕೇಳುವಂತೆಯೇ ಕೇಳಿ, “ಇವೆ. ಉಸಿರಾಡ್ತಿವೆ,” ಎಂದನು.

ಗೂಡುಗಳನ್ನು ಹೊರಗಿಡುವುದು ಏಪ್ರಿಲಿನಲ್ಲಿ, ಜೇನಿನ ಸಂತ ಜೊಸಿಮನ ದಿನ. ಆ ಸಂತನ ಹೆಸರಿನವನಾದ್ದರಿಂದ ಅಳಿಯನ ಹಬ್ಬವೂ ಅವತ್ತೇ. ಅವತ್ತು ಹಿತ್ತಲಲ್ಲಿ ಹಿಮ ಬೇಲಿಯ ನೆರಳಿನಲ್ಲಿ ಮಾತ್ರ ಉಳಿದಿತ್ತು. ಹೆ‌ಬ್ಬಾತುಗಳ ಗೂಡಿನ ಪಕ್ಕದಲ್ಲಿ ಅಜ್ಜಿಮರದ ಎರಡು ತುಂಡುಗಳನ್ನು ನಿಲ್ಲಿಸಿದ್ದರು: ಕೆಳಗೆ ಗುರುತಿನದ್ದು, ಅದರ ಮೇಲೆ ಪೊಟರೆಯದ್ದು. ಉಸ್ತಿನ್ಯ ಕಡುಬಿನ ತಟ್ಟೆಯೊಂದಿಗೆ ಬಂದು ಸಾರೋಟಿನ ಬಾಗಿಲನ್ನೂ ಮರವನ್ನೂ ನೋಡಿದಳು.

“ಹಾರಿಹೋದ ಹೆಬ್ಬಾತು ತಿರುಗಿ ಮನೆಗೆ ಬಂತು ನೋಡಿ. ಒಂಚೂರು ದಾರಿ ತಪ್ಪಿತ್ತು, ಅಷ್ಟೇ.”

ಅರ್ದಲ್ಯೋನ್ ಸವ್ವಿಚ್ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಊಟದ ಕೋಣೆಯ ಹಾಳೆಯಲ್ಲಿ ಎರಡೇ ಚಂದ್ರ. ಅದು ತಮ್ಮ ಜೊತೆಗೆ ಮುಗಿಯುತ್ತದೆ. ಮುಗಿಯಲಿ ಎಂದು ಈಗ ಅನ್ನಿಸುತ್ತಿತ್ತು. ಬಿಸಿಲೇರಿದ ಹಾಗೆ ಪೊಟರೆಯಿಂದ ಒಂದು ಜೇನು ಬಂತು, ಮುಖ ಒರೆಸಿಕೊಂಡಿತು, ಹಾರಿತು. ಅದರ ಹಿಂದೆ ಇನ್ನಷ್ಟು. ಜೊಸಿಮ್ ಶಾಲು ಸುತ್ತಿಕೊಂಡು ಬೇಲಿಯಾಚೆ ನಿಂತು ಬಗ್ಗಿ ನೋಡುತ್ತಿದ್ದನು.

“ಹೂವಿನ್ನೂ ಇಲ್ಲ, ಇವು ಕೆಳಗೆ ಏನು ಹುಡುಕ್ತಿವೆ?” ಎಂದಳು ಕ್ಲಾವ್ದಿಯಾ.

ಅರ್ದಲ್ಯೋನ್ ಸವ್ವಿಚ್ ಕಣ್ಣು ಕಿರಿದು ಮಾಡಿ ನೋಡಿದರು. ಜೇನುಗಳಿಗೆ ಗೂಡಿನ ಬಿರುಕು ಮುಚ್ಚಲು ಮರದ ರಾಳ ಬೇಕು. ಪಾದದ ಮೇಲೆ ಒಂದೂ ಕೂತಿರಲಿಲ್ಲ, ನೆಟ್ಟಗಿನ ಕಚ್ಚಿನ ಮೇಲೂ ಇಲ್ಲ, ಯಾಕಿಮನ ಮೇಲೂ ಇಲ್ಲ. ಅವೆಲ್ಲ ಹಳೆಯ ಗಾಯದ ಮೇಲೆ ಹೊಡೆದ ಏಟು, ಒಣಗಿಹೋಗಿದ್ದವು. ಹಸಿಮರಕ್ಕೆ ಇಳಿದಿದ್ದ ಕೆಳಗಿನ ಕೊಂಕು ಕಚ್ಚು ಮಾತ್ರ ಬಿಸಿಲಿಗೆ ಇನ್ನೂ ಒಸರುತ್ತಿತ್ತು. ಜೇನುಗಳು ಅಲ್ಲಿ ಒತ್ತೊತ್ತಾಗಿ ಕೂತು, ಹಿಂಗಾಲಿಗೆ ರಾಳ ಮೆತ್ತಿಕೊಂಡು, ಒಂದೊಂದಾಗಿ ಮೇಲಿನ ಮನೆಗೆ ಹೊತ್ತೊಯ್ಯುತ್ತಿದ್ದವು.